ಸ್ಟೀಲಿನ ಕೊಡವೂ ಲಿನಕ್ಸಿನ ತಟ್ಟೆಯೂ

ಬೈಲಹೊಂಗಲದ ನಿಜಗುಣಪ್ಪ ಮಾಸ್ತರರು ಇಡೀ ನೌಕರಿಯಲ್ಲಿ ಯಾವ ಇನ್ಸ್‌ಪೆಕ್ಟರಿಗೂ ಹೆದರಿದವರಲ್ಲ. ಆದರೆ ನಿವೃತ್ತಿಯ ನಂತರ, ಪಾತ್ರೆ ಮಾರುವ ಬಾಳು ಓಣಿಯಲ್ಲಿ ಕೂಗಿದರೆ ಸಾಕು, ಅವರ ಎದೆ ಝಲ್ಲೆನ್ನುತ್ತಿತ್ತು. ಪಡಸಾಲೆಯ ಮೂಲೆಯಲ್ಲಿ ಕೆಟ್ಟು ಕುಳಿತಿದ್ದ ಅವರ ಹಳೆಯ ಕಂಪ್ಯೂಟರಿಗೆ ಬದಲಾಗಿ ಒಂದು ಸ್ಟೀಲಿನ ಕೊಡ ಕೊಡುವುದಾಗಿ ಅವನು ಮಾಸ್ತರರ ಹೆಂಡತಿ ಅನ್ನಪೂರ್ಣಾ ಅವರಿಗೆ ಮಾತು ಕೊಟ್ಟಿದ್ದ.

ಗುರುಗಳ ಸಂಕಟ ಕಂಡು, ರಿಪೇರಿ ಅಂಗಡಿ ಇಟ್ಟಿದ್ದ ಹಳೆಯ ಶಿಷ್ಯ ಯುವರಾಜ ಒಂದು ಲಿನಕ್ಸ್ ಲೈವ್ ಸಿ.ಡಿ. ತಂದ. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸತ್ತಿದ್ದರೂ ಈ ತಟ್ಟೆಯ ಬಲದಿಂದಲೇ ಅದು ನಡೆಯುತ್ತದಂತೆ. ತಟ್ಟೆ ಒಳಗೆ ಹೋಯಿತು, ಗರಗರ ಸದ್ದಾಯಿತು, ಪರದೆಯ ಮೇಲೆ ನೀಲಿ ಬೆಳಕು ಮೂಡಿತು. ಹೊರಡುವಾಗ ಯುವರಾಜ ಇನ್ನೆರಡು ಮಾತು ಹೇಳಿದ. ಮಾಸ್ತರರು ಪರದೆಯಿಂದ ಕಣ್ಣು ಕೀಳದೆ “ಹೂಂ, ಹೂಂ” ಎಂದರು.

ಅನ್ನಪೂರ್ಣಾ ಒಂದು ಕರಾರು ಹಾಕಿದರು. ಮರುದಿನ ಊರಿನ ಹೆಂಗಸರ ಸಂಘವಾದ ಅಕ್ಕನ ಬಳಗದಲ್ಲಿ ಅವರು ತಮ್ಮ ತಾಯಿ, ಸಿರಸಂಗಿಯ ತಂಗೆವ್ವನ ಬಗ್ಗೆ ಮಾತನಾಡಬೇಕಿತ್ತು. ಆ ಭಾಷಣವನ್ನು ಕಂಪ್ಯೂಟರಿನಲ್ಲಿ ಬರೆದುಕೊಟ್ಟರೆ ಅದು ಉಳಿಯುತ್ತದೆ. ಇಲ್ಲದಿದ್ದರೆ ಕೊಡ ಬರುತ್ತದೆ.

ಮಧ್ಯಾಹ್ನವೆಲ್ಲ ಹೆಂಡತಿ ಹೇಳಿದರು, ಗಂಡ ಒಂದೇ ಬೆರಳಿನಿಂದ ಕುಟ್ಟಿದರು. ಜಗಳವಾಡಿದ ನೆರೆಯವರಿಬ್ಬರೂ ಊಟದ ಒಂದೇ ಗಂಗಾಳಕ್ಕೆ ಕೈ ಹಾಕುವವರೆಗೆ ತಂಗೆವ್ವ ರೊಟ್ಟಿ ನೀಡುತ್ತಿರಲಿಲ್ಲವಂತೆ. ಮಾಸ್ತರರು ನಡುನಡುವೆ ವಿಭಕ್ತಿ ತಿದ್ದತೊಡಗಿದಾಗ ಹೆಂಡತಿ ತಡೆದರು:

“ನಮ್ಮವ್ವ ರೊಟ್ಟಿ ಬಡಿಯೋ ಮುಂದ ವ್ಯಾಕರಣ ಕೇಳತಿದ್ದಿಲ್ಲ. ಸುಮ್ನ ಬರೀರಿ.”

ಮುಗಿಯುವಾಗ ಸೆರಗಿನಿಂದ ಕಣ್ಣೊರೆಸಿಕೊಂಡು, ಕಂಪ್ಯೂಟರ್ ಪೆಟ್ಟಿಗೆ ಇರಲಿ ಎಂದು ಅವರು ಒಪ್ಪಿಯೂ ಬಿಟ್ಟರು. (ಕೇಳದೆಯೇ ಚಹಾ ಕೂಡ ಬಂತು.)

ಕರಿಹಲಗೆ ಒರೆಸಿ, ಕಿಟಕಿ ಮುಚ್ಚಿಯೇ ತರಗತಿ ಬಿಡುವುದು ಮಾಸ್ತರರ ಜನ್ಮದ ಅಭ್ಯಾಸ. ಆ ಶಿಸ್ತಿನಿಂದಲೇ ಅವರು ಕಂಪ್ಯೂಟರ್ ಬಂದ್ ಮಾಡಿ, ತಟ್ಟೆ ತೆಗೆದು, ಧೋತರದ ಚುಂಗಿನಿಂದ ಒರೆಸಿ ಕಪಾಟಿನಲ್ಲಿಟ್ಟರು.

ಬೆಳಿಗ್ಗೆ ಮತ್ತೆ ತಟ್ಟೆ ಹಾಕಿದರು. ಗರಗರ ಸದ್ದಾಯಿತು, ನೀಲಿ ಬೆಳಕು ಬಂತು. ತಂಗೆವ್ವ ಮಾತ್ರ ಇಲ್ಲ. ಒಂದಕ್ಷರವೂ ಇಲ್ಲ. ಕರಿಹಲಗೆ ತನ್ನನ್ನು ತಾನೇ ಒರೆಸಿಕೊಂಡಿತ್ತು.

“ಬಂದ್ ಮಾಡಿದ್ರ ಏನೂ ಉಳಿಯಂಗಿಲ್ಲ, ಪೆನ್ ಡ್ರೈವಿಗೆ ಹಾಕೊಳ್ರಿ ಅಂತ ಯುವರಾಜ ಹೇಳಿದ್ದು ನನಗ ಅಡಗಿಮನಿಗೆ ಕೇಳಿಸ್ತು” ಎಂದರು ಅನ್ನಪೂರ್ಣಾ. “ಬಾಜೂಕ ಕುಂತ ನಿಮಗ ಕೇಳಿಸಲಿಲ್ಲೇನು?”

ಅಷ್ಟರಲ್ಲಿ ಓಣಿಯಲ್ಲಿ ಬಾಳುವಿನ ಕೂಗು. ಸೋತ ಮಾಸ್ತರರು ಕರಾರಿನಂತೆ ತಾವೇ ಕಂಪ್ಯೂಟರನ್ನು ಎತ್ತಿ ಎದೆಗವಚಿಕೊಂಡು ಬಾಗಿಲಿಗೆ ಬಂದರು. ಅವರನ್ನು ಹಾಗೆ ಕಂಡ ಅನ್ನಪೂರ್ಣಾ ತಡೆದರು.

“ಕೆಳಗಿಡ್ರಿ ಅದನ್ನ. ನಮ್ಮವ್ವನ ಮಾತು ಹೇಳಾಕ ನನಗ ಕಾಗದ ಯಾಕ ಬೇಕು?” ಎಂದು, ಬಾಳುವಿನ ಕಡೆ ತಿರುಗಿದರು. “ದಿನಪೂರ್ತಿ ಹೇಳಿದ್ದಕ್ಕೆಲ್ಲಾ ಹೂಂ ಅಂತೈತಿ, ಬೆಳಿಗ್ಗೆ ಎದ್ರ ಒಂದೂ ನೆನಪಿರಂಗಿಲ್ಲ. ಇಂಥಾದು ನಮ್ಮ ಮನ್ಯಾಗ ಮೊದಲ ಒಂದೈತಿ. ಕೊಟ್ಟರ ಜೋಡಿನ ಕೊಡತೇನಪ್ಪಾ. ಏನು ಕೊಡತಿ?”

ಬಾಳು ಕಂಪ್ಯೂಟರನ್ನು ನೋಡಿದ. ಮಾಸ್ತರರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಎತ್ತಿಕೊಂಡಿದ್ದ ಕೊಡವನ್ನು ಮೆಲ್ಲಗೆ ಗಾಡಿಗೆ ಮರಳಿಸಿದ.

“ಅದೊಂದ ಆದ್ರ ಕೊಡ ಬರತೈತ್ರಿ ಅಕ್ಕಾರ,” ಎಂದ ವಿನಯದಿಂದ. “ಜೋಡಿ ಅಂದ್ರ, ಒಂದು ತಂಬಿಗಿ.”