ರಾಜನಿಲ್ಲದ ನಾಟಕಕ್ಕೆ ಬಂದ ಕಿರೀಟಗಳು

ಹಗಲುಗನಸು ಕಾಣುವವನಿಗೆ ಒಂದು ಅನುಕೂಲವಿದೆ. ಅವನು ಸುಮ್ಮನೆ ಬಿದ್ದುಕೊಂಡಿದ್ದರೂ ಜನ ಏನೋ ಘನವಾದದ್ದನ್ನು ಯೋಚಿಸುತ್ತಿದ್ದಾನೆ ಎಂದುಕೊಳ್ಳುತ್ತಾರೆ. ನಮ್ಮ ಮನೆಯವರು ಮಾತ್ರ ಹಾಗೆ ಎಂದುಕೊಳ್ಳಲಿಲ್ಲ. ಸ್ವಾತಂತ್ರ್ಯ ಇಂದು ಬಂತು, ನಾಳೆ ಬಂತು ಎನ್ನುತ್ತಿದ್ದ ಕಾಲ. ಮಳವಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಕಬ್ಬಿನ ಗದ್ದೆಯ ಬದುವಿನ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದೆ. ನನಗೂ ಆಕಾಶಕ್ಕೂ ನಡುವೆ ಕರೆಂಟಿನ ತಂತಿಗಳು ಹಾದುಹೋಗಿದ್ದವು. ಅವು ಯಾವ್ಯಾವುದೋ ಊರಿಗೆ ಬೆಳಕು ಹೊತ್ತು ಹೋಗುತ್ತಿದ್ದವು. ಕೆಳಗೆ ನಮ್ಮ ಮನೆಗಳಲ್ಲಿ ಹರಳೆಣ್ಣೆ ದೀಪ. ಸ್ವಾತಂತ್ರ್ಯ ಬಂದ ಮೇಲೆ ಆ ತಂತಿ ಬಗ್ಗಿ ನಮ್ಮ ಮನೆಯೊಳಗೂ ಇಣುಕುತ್ತದೆ ಎಂದು ನಾನು ನಂಬಿದ್ದೆ. ಕಬ್ಬಿನ ಗರಿ ಸರಸರ ಎನ್ನುವಾಗ ಮನುಷ್ಯ ಏನನ್ನು ಬೇಕಾದರೂ ನಂಬುತ್ತಾನೆ.

ಹಾಗೆ ಮಲಗಿ ಮಲಗಿಯೇ ಒಂದು ನಾಟಕ ಬರೆದೆ. ನಾಳೆಯ ನಮ್ಮೂರಿನ ಕಥೆ. ಅದರಲ್ಲಿ ರಾಜನಿಲ್ಲ, ಮಂತ್ರಿಯಿಲ್ಲ. ಪಂಚಾಯ್ತಿ ಸೇರುತ್ತದೆ, ಊರಾಚೆಯ ಕೇರಿಯ ಹುಡುಗ ಅಧ್ಯಕ್ಷನಾಗಿ ಕುರ್ಚಿಯ ಮೇಲೆ ಕೂರುತ್ತಾನೆ. ಆ ಪಾತ್ರಕ್ಕೆ ಗೆಳೆಯ ಸಿದ್ದ. ಅವನೂ ಆ ಕೇರಿಯವನೇ, ಕಂಚಿನ ಕಂಠದವನು. ನಾಟಕ ಕಲಿಸಲು ಬಂದ ಹಾರ್ಮೋನಿಯಂ ಮೇಷ್ಟ್ರು ಕಥೆ ಕೇಳಿ ಪೆಟ್ಟಿಗೆ ಮುಚ್ಚಿಬಿಟ್ಟರು. "ಅಲ್ಲ ಕಣಪ್ಪ, ರಾಜ ಇಲ್ದೆ ಎಂತಾ ನಾಟ್ಕ? ಸಾರಿಲ್ದ ಮುದ್ದೆ ಗಂಟ್ಲಲ್ಲಿ ಇಳೀತದಾ? ಮೈಸೂರು ದೊರೆಗಳ ಕಿವಿಗೆ ಬಿದ್ರೆ ಏನ್ ಗತಿ?" ಎಂದರು. ನಾನು ಸಮಾನತೆಯ ಬಗ್ಗೆ ಉದ್ದುದ್ದ ಭಾಷಣ ಮಾಡಿದೆ. ಅವರು ಆಕಳಿಸಿದರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಒಪ್ಪದೇ ಹೋದವರು ಪಟೇಲರು. ಅಭ್ಯಾಸದ ಜಾಗಕ್ಕೇ ಬಂದು ಕೋಲು ಕುಟ್ಟಿ, "ನನ್ನ ಮುಂದೆ ಸಿದ್ದ ಕುರ್ಚಿ ಮ್ಯಾಲೆ ಕುಂತ್ನೋ, ಚಪ್ಪರ ಕಿತ್ತಾಕುಸ್ಬುಡ್ತೀನಿ" ಎಂದರು. ಅವರು ಹೋದ ಮೇಲೆ ಸಿದ್ದ ನನ್ನನ್ನು ಕೇಳಿದ: "ನಾಟ್ಕದಲ್ಲೂ ನಾನು ನಿಂತ್ಕಂಡೇ ಇರ್ಬೇಕೇನ್ಲಾ?" ಅವನನ್ನು ಕೂರಿಸಲಾಗದಿದ್ದರೆ ಈ ನಾಟಕವೇ ಬೇಡ ಎನ್ನಿಸಿತು.

ಸೀಮೆಎಣ್ಣೆಗೆ ರೇಷನ್ನು ಇದ್ದ ದಿನಗಳು. ಗ್ಯಾಸ್‌ಲೈಟಿಗೆ ಎಣ್ಣೆ ಸಿಗದೆ ಇಳಿಹೊತ್ತಿಗೇ ನಾಟಕ ಇಟ್ಟುಕೊಂಡೆವು. ಮಂಡ್ಯದಿಂದ ಡ್ರೆಸ್ಸಿನ ಪೆಟ್ಟಿಗೆ ಬಸ್ಸಿನ ಮೇಲೆ ಕೂತು ಬಂತು. ಜುಬ್ಬ, ಖಾದಿ ಟೋಪಿ ತರಿಸಿ ಎಂದು ಮೇಷ್ಟ್ರಿಗೆ ಹೇಳಿದ್ದೆ. ತೆರೆದು ನೋಡಿದರೆ ಕಿರೀಟ, ಭುಜಕೀರ್ತಿ, ಗದೆ! ನಾಟಕದ ಸಾಮಾನು ಬೇಕು ಎಂದಷ್ಟೇ ಅವರು ಹೇಳಿಕಳಿಸಿದ್ದರಂತೆ. ನಮ್ಮ ಸೀಮೆಯಲ್ಲಿ ನಾಟಕದ ಸಾಮಾನೆಂದರೆ ಅದೇ ತಾನೆ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ನನ್ನ ಪಂಚಾಯ್ತಿಯ ಮೆಂಬರುಗಳು ಮಾತ್ರ ಹಬ್ಬದೂಟ ಕಂಡವರಂತೆ ಕಿರೀಟಗಳನ್ನು ಬಾಚಿಕೊಂಡರು. ಕಾರ್ಯದರ್ಶಿಯ ಪಾತ್ರದ ನನಗೆ ಒಂದೂ ಉಳಿಯಲಿಲ್ಲ.

ಪರದೆ ಸರಿಯಿತು. ಓರೆಬಿಸಿಲು ರಂಗದ ಮೇಲೆ ಬಿದ್ದು ಕಿರೀಟಗಳ ಗಾಜಿನ ಹರಳೆಲ್ಲ ಹೊತ್ತಿಕೊಂಡವು. ಸಿದ್ದ ಕಿರೀಟ ಹೊತ್ತು ಹಾಡುತ್ತ ಬಂದ. ಹಾಗೆ ಬಂದ ಪಾತ್ರವನ್ನು ದೇವರೆಂದೇ ಭಾವಿಸಿ ಎದ್ದು ಕೈಮುಗಿಯುವುದು ನಮ್ಮ ಹಿರಿಯರ ರೂಢಿ. ಮುಂದಿನ ಸಾಲು ಎದ್ದಿತು, ಪಟೇಲರೂ ಎದ್ದು ಕೈಮುಗಿದರು. ಮುಖದ ಗುರುತು ಸಿಕ್ಕಿದ್ದು ಆಮೇಲೆ. ಅಷ್ಟರಲ್ಲಿ ಊರೆಲ್ಲ ನೋಡಿಯಾಗಿತ್ತು. ಮುಗಿದ ಕೈಯನ್ನು ಇನ್ನೆಲ್ಲಿಡುವುದು? ಅವರು ಅದನ್ನು ಹಾಗೇ ಮುಳುಗುವ ಸೂರ್ಯನ ಕಡೆಗೆ ತಿರುಗಿಸಿ, ಏನೋ ಗೊಣಗಿ ಕೂತುಬಿಟ್ಟರು. ಸಿದ್ದನೂ ಕೂತ, ಕುರ್ಚಿಯ ಮೇಲೆ, ಬೆನ್ನು ನೆಟ್ಟಗೆ ಮಾಡಿ. ಚಪ್ಪರ ಅಲ್ಲಾಡಲಿಲ್ಲ. ಆ ಹೊಂಬಿಸಿಲಿನಲ್ಲಿ ನನ್ನ ಊರೇ ಕನಸಿನ ಊರಾಗಿ ಕಂಡಿತು, ಕಣ್ಣು ಮಂಜಾಯಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು: "ಲೇ ಬರಿದಲೆ, ಪಕ್ಕಕ್ಕೆ ಸರೀಲಾ, ರಾಜ್ರು ಕಾಣಾಕಿಲ್ಲ!" ಸರಿದು ನಿಂತೆ.

ಮನೆಯಲ್ಲಿ ಅವ್ವ ತಟ್ಟೆಗೆ ಮುದ್ದೆ ಇಡುತ್ತ, "ಬರ್ದೋನು ನೀನೇ ಅಲ್ವೇನ್ಲಾ? ಎಲ್ರಿಗೂ ಕಿರೀಟ ಕೊಟ್ಟು ನಿಂಗ್ಯಾಕೆ ಜವಾನನ ಪಾಲ್ಟು ಬರ್ಕೊಂಡೆ?" ಎಂದಳು. "ನಾಳೆ ಎಲ್ಲಾರೂ ಸಮ ಕಣವ್ವ" ಎಂದು ಗಂಭೀರವಾಗಿ ಹೇಳಿದೆ.

ಆ ಮಾತನ್ನು ನಾನು ಇಂದಿಗೂ ನಂಬುತ್ತೇನೆ. ಆ ನಾಳೆ ಈಗಲೂ ಕನಸಿನಲ್ಲಿ ಬರುತ್ತದೆ: ಎಲ್ಲರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ, ಮೇಲಿಲ್ಲ, ಕೆಳಗಿಲ್ಲ, ರಾಜನಂತೂ ಇಲ್ಲವೇ ಇಲ್ಲ. ಕಿರೀಟವೊಂದು ಮಾತ್ರ ಇರುತ್ತದೆ, ನನ್ನ ತಲೆಯ ಮೇಲೆ.