ಕಿಟಕಿಯಲ್ಲಿ ಸಿಕ್ಕಿಬಿದ್ದ ಕಳ್ಳ

ಎಪ್ಪತ್ತರ ದಶಕದ ಕೊನೆಗೆ ನಾವು ಕಡಿಯಾಳಿಯಲ್ಲಿ ಒಂದು ಹಳೆಯ ಬಂಗಲೆ ಕೊಂಡೆವು. ಅದರ ಕಿಟಕಿಗಳು ಬಾಗಿಲಿನಂತೆ ತೆರೆಯುವಂಥವಲ್ಲ. ಗಾಜಿನ ಚೌಕಟ್ಟನ್ನು ಮೇಲಕ್ಕೆ ಜಾರಿಸಬೇಕು. ಎತ್ತಿದಲ್ಲೇ ನಿಲ್ಲುತ್ತಿತ್ತು. ಯಾಕೆ ನಿಲ್ಲುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಕಿಟಕಿಗಳನ್ನು ಉಜ್ಜಿ, ಪೈಂಟು ಹಚ್ಚಿಯಾಯಿತು. ಬೀಗ ಜೋಡಿಸಲು ಬಡಗಿ ವಾಸು ಆಚಾರಿಯನ್ನು ಕರೆದರೆ, "ಎರಡು ವಾರ ಪುರುಸೊತ್ತಿಲ್ಲ" ಎಂದರು.

"ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನಿಗೆ ನಾಲ್ಕು ಸ್ಕ್ರೂ ತಿರುಗಿಸಲಿಕ್ಕೆ ಎಂತ ಕಷ್ಟ?" ಎಂದೆ.

"ಆಚಾರಿ ಬರಲಿ ಮಾರಾಯ್ರೆ" ಎಂದು ಹೇಳಿ ನನ್ನ ಹೆಂಡತಿ ಸುಮತಿ ದೇವಸ್ಥಾನಕ್ಕೆ ಹೊರಟಳು.

ಅವಳು ಬರುವುದರೊಳಗೆ ಏಳು ಕಿಟಕಿಗಳಿಗೆ ಬೀಗ ಬಿತ್ತು. ಎಂಟನೆಯದಕ್ಕೆ ಚಿಕ್ಕ ಸ್ಕ್ರೂ ಮುಗಿದಿತ್ತು. ಉದ್ದದ್ದನ್ನೇ ಬಡಿದು ಕೂರಿಸಿದೆ. ಗಾಳಿಗಿರಲಿ ಎಂದು ಆ ಕಿಟಕಿಯನ್ನು ಎತ್ತಿಟ್ಟು, ಉಳಿದವನ್ನು ಹೊರಗಿನಿಂದ ಕಳ್ಳನಂತೆ ಎಳೆದು ನೋಡಲು ಅಂಗಳಕ್ಕೆ ಇಳಿದೆ. ಒಂದೂ ಅಲುಗಲಿಲ್ಲ. ಹೆಮ್ಮೆಯಿಂದ ತಿರುಗುವಾಗ ಗಾಳಿಗೆ ಮುಂಬಾಗಿಲು ಮುಚ್ಚಿ ತಾನಾಗಿ ಬೀಗ ಬಿದ್ದುಕೊಂಡಿತು. ಕೀಲಿ ಒಳಗಿತ್ತು.

ಉಳಿದದ್ದು ಎಂಟನೆಯ ಕಿಟಕಿ. ಸೊಂಟದವರೆಗೆ ಒಳಗೆ ನುಗ್ಗಿದ್ದೆ, ಪಟ್ಟನೆ ಏನೋ ಕಡಿದ ಸದ್ದಾಯಿತು. ಕಿಟಕಿ ಓರೆಯಾಗಿ ಬೆನ್ನ ಮೇಲೆ ಬಿದ್ದು ಅಲ್ಲೇ ಬಿಗಿದುಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹೊಟ್ಟೆ ಅಮುಕಿ ಕೂಗಲು ಸ್ವರವೇ ಬರಲಿಲ್ಲ.

ಅಷ್ಟರಲ್ಲಿ ಹೊರಗಿನಿಂದ ಪಕ್ಕದ ಮನೆಯ ಗಿರಿಜಕ್ಕನ ಸ್ವರ ಕೇಳಿತು. "ಕಳ್ಳ! ಹಗಲಲ್ಲೇ ಬಂದಿದ್ದಾನೆ! ಅಲುಗಾಡಬೇಡ. ಕೈಯಲ್ಲಿ ಕತ್ತಿ ಉಂಟು."

ತೆಂಗಿನಕಾಯಿ ಒಡೆಯುವ ಆ ಕತ್ತಿಯನ್ನು ನಾನು ಬಲ್ಲೆ. "ನಾನು, ನಾನು" ಎಂದೆ. ನನಗೇ ಕೇಳಿಸಲಿಲ್ಲ. ಹೊರಗೆ ನೇತಾಡುತ್ತಿದ್ದ ಕಾಲುಗಳನ್ನು ಬೀಸಿ ಗುರುತು ಹೇಳಲು ನೋಡಿದೆ.

"ಅಲುಗಾಡಬೇಡ ಅಂದೆ!"

ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಸುಮತಿಯ ಸ್ವರ ಬಂತು. "ಗಿರಿಜಕ್ಕ, ಕತ್ತಿ ಕೆಳಗಿಡಿ. ಅದು ನಮ್ಮ ಮನೆಯ ಲುಂಗಿ."

"ಅಯ್ಯೋ, ಲುಂಗಿಯನ್ನೂ ಕದ್ದಿದ್ದಾನಾ?"

ಸುಮತಿ ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆರೆದು ಬಂದು ನನ್ನ ಮುಖದ ಎದುರು ನಿಂತಳು. ಮೆಲ್ಲಗೆ ಕೇಳಿದಳು, "ನೀವು ಒಳಗೆ ಬರುವುದಾ, ಹೊರಗೆ ಹೋಗುವುದಾ? ಆಚಾರಿಗೆ ಹೇಳಬೇಕಲ್ಲ."

ಪುರುಸೊತ್ತಿಲ್ಲದ ವಾಸು ಆಚಾರಿ ಈ ಸುದ್ದಿಗೆ ಹತ್ತೇ ನಿಮಿಷದಲ್ಲಿ ಓಡಿ ಬಂದರು. ಉಳಿಯಿಂದ ಮೀಟಿ ನನ್ನನ್ನು ಬಿಡಿಸಿ, ಕಿಟಕಿಯ ಬದಿಯ ಮರ ಬಿಚ್ಚಿ ತೋರಿಸಿದರು. ಮರದೊಳಗೆ ರಾಟೆ, ಹಗ್ಗ, ಕಬ್ಬಿಣದ ಗುಂಡು. ಗುಂಡಿನ ಭಾರದಿಂದ ಕಿಟಕಿಯನ್ನು ಎತ್ತಿ ಹಿಡಿಯುವ ಹಗ್ಗವನ್ನು ನನ್ನ ಉದ್ದದ ಸ್ಕ್ರೂ ಹರಿದು ಹಾಕಿತ್ತು.

"ರಾಟೆಯ ಪಾಠ ನಿಮ್ಮ ಕಾಲೇಜಿನಲ್ಲಿ ಇಲ್ವಾ ಸಾರ್?" ಎಂದರು.

ಮರುದಿನ ಗಿರಿಜಕ್ಕ ಬಂದು ಸುಮತಿಯೊಡನೆ ಹೇಳಿದರು, "ಬೀಗ ಭಾರಿ ಗಟ್ಟಿ ಉಂಟು. ಎಲ್ಲಿ ತಂದದ್ದೆಂದು ಯಜಮಾನರಲ್ಲಿ ಕೇಳಿ ಹೇಳು. ಹಾಕಲಿಕ್ಕೆ ಮಾತ್ರ ಅವರನ್ನು ಕಳಿಸಬೇಡ."