ಶೇಂಗಾ ಊರಿನಲ್ಲಿ ಪೀಬೆರಿ ಮೂಟೆ

ಕಾಫಿಪುಡಿ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಗಿರಾಕಿಗಳ ಜೊತೆ ನಗುವೂ ಮೆಟ್ಟಿಲು ಹತ್ತಿ ಬರುತ್ತದೆ. ಅದೂ ಚಳ್ಳಕೆರೆಯಂಥ ಎಣ್ಣೆ ಗಿರಣಿಗಳ ಊರಿನಲ್ಲಿ ಕೇಳಬೇಕೇ?

ಅಂಗಡಿ ಶುರು ಮಾಡಿದ ಹುರುಪಿನಲ್ಲಿ ನಾನೊಂದು ಮೂಟೆ ಪೀಬೆರಿ ತರಿಸಿದ್ದೆ. ಸಾಮಾನ್ಯ ಕಾಫಿ ಹಣ್ಣಿನಲ್ಲಿ ಎರಡು ಬೀಜ ಇದ್ದರೆ ಇದರಲ್ಲಿ ಒಂದೇ ಗುಂಡು ಬೀಜ. ಘಮವೂ ಜಾಸ್ತಿ, ಬೆಲೆಯೂ ಜಾಸ್ತಿ. ಮೂರು ತಿಂಗಳಾದರೂ ಮೂಟೆ ಅರ್ಧವೂ ಇಳಿಯಲಿಲ್ಲ. ನನ್ನ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಯುಗಾದಿ ಒಳಗೆ ಇದು ಖಾಲಿ ಆಗ್ಲಿಲ್ಲ ಅಂದ್ರೆ, ಆ ಹುರಿಯೋ ಮಿಷನ್‌ನಾಗೆ ಶೇಂಗಾ ಹುರ್ಕಂಡು ಕುಂತ್ಕಳ್ರಿ."

ಕಚ್ಚಿ ನೋಡಿದವರು

ನಮ್ಮ ಕಡೆ ಶೇಂಗಾ ಕೊಳ್ಳುವವರು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ, ನಾಲ್ಕು ಬಾಯಿಗೆ ಹಾಕಿಕೊಂಡ ಮೇಲೇ ಮಾತಾಡುವುದು. ಬಿ.ಜಿ. ಕೆರೆಯ ರೈತರೊಬ್ಬರು ಕಾಫಿಗೂ ಅದೇ ಕ್ರಮ ಅನುಸರಿಸಿದರು. ಕಪ್ಪಗೆ ಹುರಿದ ಪೀಬೆರಿ ನಾಲ್ಕು ಬೀಜ ಕಟಕಟ ಅಗಿದು ಮುಖ ಕಿವಿಚಿದರು.

"ಸೀದೋಗೈತಲ್ರೀ! ಹುರಿಯೋವಾಗ ತೂಕಡಿಸ್ತಿದ್ರಾ?"

"ಇದನ್ನ ಅಗಿಯೋದಲ್ಲ ಯಜಮಾನ್ರೇ, ಪುಡಿ ಮಾಡಿ ಕುಡಿಯೋದು."

"ಬಾಯಿಗೆ ಹೋಗೋದೇ ತಾನೇ?"

ನನಗೂ ಹಟ ಬಂತು. ಮುಂದಿನ ವಾರ ಅವರಿಗಾಗಿಯೇ ಸ್ವಲ್ಪ ಕಡಿಮೆ ಹುರಿದೆ. "ಹಸೀದೈತೆ" ಎಂದರು. ಅದರ ಮುಂದಿನ ವಾರ ಯಂತ್ರದ ಪಕ್ಕದಿಂದ ಅಲ್ಲಾಡದೆ ನಿಂತು, ಹದವಾದ ಕಂದು ಬಣ್ಣ ಬಂದ ಕ್ಷಣದಲ್ಲೇ ಇಳಿಸಿದೆ. ಅವರು ಕಣ್ಣು ಮುಚ್ಚಿ ನಿಧಾನಕ್ಕೆ ಅಗಿದರು.

"ಪರ್ವಾಗಿಲ್ಲ" ಎಂದರು. "ಒಂಚೂರು ಉಪ್ಪು-ಖಾರ ಬಿದ್ರೆ ತಿನ್ನಬೋದು."

ನೂಲು ತಂದವರು

ಮೊಳಕಾಲ್ಮೂರಿನಿಂದ ರೇಷ್ಮೆ ನೇಯುವ ಮನೆಯ ಗಂಡ-ಹೆಂಡತಿ ಬಂದರು. ಆಯಮ್ಮ ಸೆರಗಿನ ಗಂಟು ಬಿಚ್ಚಿ ಒಂದೆಳೆ ನೂಲು ಗಲ್ಲಾದ ಮೇಲಿಟ್ಟರು. "ಹಾಲು ಬೆರೆಸಿದ ಮ್ಯಾಲೆ ಕಾಫಿ ಈ ಬಣ್ಣಕ್ಕೆ ಬರ್ಬೇಕು ನೋಡ್ರಿ" ಎಂದರು.

ಪೀಬೆರಿ ಮಾರುವ ಆಸೆಗೆ ನಾನು ಒಪ್ಪಿದೆ. ಚಿಕೋರಿ ಇಲ್ಲದ್ದು, ಸ್ವಲ್ಪ ಇದ್ದದ್ದು, ಇನ್ನೂ ಸ್ವಲ್ಪ ಇದ್ದದ್ದು ಅಂತ ಆರು ಲೋಟ ಕಾಫಿ ಮಾಡಿ ಸಾಲಾಗಿ ಇಟ್ಟೆ. ಆಯಮ್ಮ ಒಂದೊಂದನ್ನೂ ಬಿಸಿಲಿಗೆ ಒಯ್ದು, ನೂಲು ಪಕ್ಕಕ್ಕೆ ಹಿಡಿದು ನೋಡಿದರು. ಕೊನೆಗೆ ಆರಿಸಿದ್ದು ಅಗ್ಗದ ಬೀಜಕ್ಕೆ ಚಿಕೋರಿ ಸುರಿದಿದ್ದ ಆರನೆಯ ಲೋಟ!

"ಅಮ್ಮಾ, ಒಂದು ಗುಟುಕು ಕುಡಿದಾದರೂ ನೋಡಿ."

"ನಾನು ಕಾಫಿ ಕುಡಿಯಾಕಿಲ್ಲಪ್ಪ."

ಕುಡಿಯುವ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ನಿಮಗೆ ಯಾವುದು ಬೇಕು ಅಂತ ಅವರನ್ನೇ ಕೇಳಿದೆ.

"ನಂಗ್ಯಾವುದಾದ್ರೂ ಆಗ್ತೈತೆ ಸ್ವಾಮಿ" ಎಂದರು. "ಬಣ್ಣ ಬಿಡದಿದ್ರೆ ಸಾಕು."

ಮೂಗಿನ ಗಿರಾಕಿ

ನಿವೃತ್ತ ಮೇಷ್ಟ್ರೊಬ್ಬರು ದಿನಾ ಬೆಳಿಗ್ಗೆ ಪೀಬೆರಿ ಹುರಿಯುವ ಹೊತ್ತಿಗೆ ಸರಿಯಾಗಿ ಬಂದು, ಸ್ಟೂಲ್ ಎಳೆದುಕೊಂಡು, ಪೇಪರ್ ಬಿಡಿಸುತ್ತಿದ್ದರು. ಘಮ ಮುಗಿಯುವವರೆಗೆ ಏಳುತ್ತಿರಲಿಲ್ಲ. ಪುಡಿ ಬೇಕಾದಾಗ ಮಾತ್ರ ಅತಿ ಅಗ್ಗದ್ದು ನೂರು ಗ್ರಾಂ.

ಒಂದು ದಿನ ತಡೆಯಲಾರದೆ, ಯಾಕೆ ಹೀಗೆ ಅಂತ ಕೇಳಿಯೇಬಿಟ್ಟೆ. ಅವರು ಪಾಠ ಹೇಳುವ ದನಿಯಲ್ಲಿ ವಿವರಿಸಿದರು: "ಮೂಗಿಗೆ ಪೀಬೆರಿ, ನಾಲಿಗೆಗೆ ಅಗ್ಗದ್ದು. ನನ್ನ ಪಿಂಚಣಿಗೆ ಈ ಮಿಶ್ರಣ ಸರಿಹೋಗೈತೆ ಕಣಪ್ಪ, ಕೆಡಿಸಬ್ಯಾಡ."

ಮನೆಗೆ ಇಟ್ಟಿದ್ದು

ಯುಗಾದಿಗೆ ಒಂದು ವಾರ ಇತ್ತು. ಸಿದ್ದಾಪುರದಲ್ಲಿ ತಂಗಿಯ ಮಗಳ ಮದುವೆ. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ನಾಲ್ಕು ದಿನ ಹೋದೆ. ಮದುವೆ ಊಟದಲ್ಲೂ ನನಗೆ ಆ ಮೂಟೆಯದೇ ಚಿಂತೆ. ಶೇಂಗಾ ಹುರಿಯುತ್ತಾ ಕೂತ ನಾನೇ ಕಣ್ಣ ಮುಂದೆ ಬರುತ್ತಿದ್ದೆ.

ಹಿಂತಿರುಗಿ ನೋಡಿದರೆ ಗೋಣಿಚೀಲ ಮಡಚಿ ಮೂಲೆಯಲ್ಲಿಟ್ಟಿದೆ. ಹೆಂಡತಿಯನ್ನು ಕೂಗಿದೆ.

"ಎಲ್ಲಿ ಸುರಿದೆ?"

"ಸುರಿಯೋದ್ಯಾಕೆ? ಮಾರಿದೆ."

"ಯಾರಿಗೆ?"

"ಎಲ್ರಿಗೂ. ಆ ಬಿ.ಜಿ. ಕೆರೆಯವ್ರು ಎಲ್ಡು ಕೆಜಿ ಒಯ್ದ್ರು. ಮೇಷ್ಟ್ರೂ ಕಾಲು ಕೆಜಿ ಕಟ್ಟಿಸ್ಕಂಡ್ರು."

"ಕಚ್ಚಿ ನೋಡಲಿಲ್ವಾ ಅವರು?"

"ಇಲ್ಲ."

ಅವಳು ಮಾಡಿದ್ದು ಇಷ್ಟೇ. ನಮ್ಮೂರಲ್ಲಿ ಎಣ್ಣೆ ಕೊಳ್ಳಲು ಹೋದವರು ಪೀಪಾಯಿಯ ಕಡೆ ನೋಡುವುದೇ ಇಲ್ಲ. "ಮನೆಗೆ ಅಂತ ಇಟ್ಟಿರ್ತೀರಲ್ಲ, ಅದನ್ನ ಕೊಡ್ರಿ" ಎನ್ನುತ್ತಾರೆ. ಗಿರಣಿಯವನು ತನ್ನ ಮನೆಗೆ ತೆಗೆದಿಟ್ಟಿದ್ದೇ ಅಸಲಿ ಮಾಲು ಎಂಬುದು ಎಲ್ಲರ ನಂಬಿಕೆ. ಇವಳು ಮೂಟೆಯನ್ನು ಗಲ್ಲಾದ ಹಿಂದಕ್ಕೆ ಎಳೆದು, ಮೇಲೊಂದು ಹಳೇ ಸೀರೆ ಹೊದಿಸಿದ್ದಾಳೆ. ಅದೇನು ಅಂತ ಕೇಳಿದವರಿಗೆಲ್ಲ "ಅದು ಮಾರಾಕಲ್ಲ, ನಮ್ಮನೆಗೆ ಇಟ್ಕಂಡಿರೋದು" ಎಂದಿದ್ದಾಳೆ. ಆಮೇಲೆ ಜನ ಬಿಟ್ಟಾರೆಯೇ?

"ನೀವು ಮೂರು ತಿಂಗಳು ಇದು ಶ್ರೇಷ್ಠ, ಇದು ಶ್ರೇಷ್ಠ ಅಂತ ಬಡ್ಕಂಡ್ರಿ. ಜನಕ್ಕೆ ಅನುಮಾನ ಬರದೆ ಇರ್ತೈತಾ?" ಎಂದಳು.

ನನಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಕುರ್ಚಿಯಲ್ಲಿ ಕಾಲು ಚಾಚಿ ಹೇಳಿದೆ: "ಹಂಗಾದ್ರೆ ಅದೇ ಪೀಬೆರೀಲಿ ನಂಗೂ ಒಂದು ಲೋಟ ಕಾಫಿ ಕೊಡು."

ಒಳಗೆ ಹೋದವಳು ಲೋಟ ತಂದು ಮುಂದಿಟ್ಟಳು. ನೋಡಿದರೆ ಟೀ.

"ಮನೆಗೆ ಇಟ್ಟಿದ್ದೆಲ್ಲ ಮಾರಿದ್ನಲ್ರೀ" ಎಂದಳು. "ಇನ್ನು ಅಂಗಡೀದು ಉಳಿದೈತೆ. ಅದನ್ನ ಮನೆಯವ್ರು ಯಾರಾದ್ರೂ ಕುಡೀತಾರಾ?"